ಬಾಯಿ ಬಿಡದ ಮರಿ

ಆ ಬೆಳಿಗ್ಗೆ ಹರ್ಶೆಲ್‌ಗೆ ಹಿತ್ತಿಲಿನಿಂದ ಬೇಲಿಯ ತನಕ ನಡೆಯುವುದೇ ಒಂದು ಯಾತ್ರೆಯಾಯಿತು. ಎರಡೂ ಮಂಡಿ ಕೈಕೊಟ್ಟು ವರ್ಷವಾಗಿತ್ತು. ನವೆಂಬರಿನ ಇಬ್ಬನಿ ಹೆಪ್ಪುಗಟ್ಟಿ, ಅಮೆರಿಕದ ಕೆಂಟಕಿಯ ಆ ಗುಡ್ಡದ ಹುಲ್ಲು ಬೂಟಿನಡಿ ಪುಡಿಯಾಗುತ್ತಿತ್ತು. ಹಿಂದಿನಿಂದ ಹೆಂಡತಿ ಓಪಲ್ ಕಾಫಿ ಫ್ಲಾಸ್ಕ್ ಹಿಡಿದು ಬರುತ್ತಿದ್ದಳು. ನಲವತ್ತೊಂದು ವರ್ಷದ ಸಂಸಾರದಲ್ಲಿ ಅವಳು ನಾಯಿಗಳ ಬೇಲಿಗೆ ಬಂದವಳೇ ಅಲ್ಲ. ಹೋದ ವಾರ ಅವನು ಜಾರಿ ಬಿದ್ದದ್ದರಿಂದ ಬಂದಿದ್ದಳು.

"ಬಿದ್ರೆ ಎತ್ತೋಕೆ ಒಬ್ರು ಬೇಕಲ್ಲ. ನಾಯಿ ನೋಡೋಕೆ ಬಂದಿದೀನಿ ಅಂತ ಬೀಗಬೇಡ," ಅಂದಳು.

ಅವನಿಗೆ ಬೀಗುವ ಚೈತನ್ಯವಾದರೂ ಎಲ್ಲಿತ್ತು!

ಬೇಲಿಯೆಂದರೆ ನಾಲ್ಕು ಎಕರೆ. ತಂತಿಬಲೆಯನ್ನು ಒಂದಡಿ ನೆಲದೊಳಗೆ ಹೂತು, ಒಳಗೆ ಮುಳ್ಳುಪೊದೆ ಬೆಳೆಸಿ, ಕಡಿದ ಕೊಂಬೆಗಳನ್ನು ಅಲ್ಲಲ್ಲಿ ಒಟ್ಟಿ ಮೊಲಗಳನ್ನು ಬಿಟ್ಟಿದ್ದ. ಬೀಗಲ್ ಎಂಬ ಬೇಟೆನಾಯಿಯ ಮರಿಗಳು ವಾಸನೆ ಹಿಡಿದು ಓಡುವುದನ್ನು ಕಲಿಯುವುದು ಅಲ್ಲೇ. ಮೊಲಕ್ಕೆ ಸಾಕೆನಿಸಿದರೆ ಕೊಂಬೆರಾಶಿಯೊಳಗೆ ನುಸುಳಿ ಹಾಯಾಗಿ ಕೂರುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುತ್ತಾರಲ್ಲ, ಮೊಲದ ಬೇಟೆಯವರಿಗೆ ಕಚ್ಚುವುದು ಬೇಕಾಗೇ ಇಲ್ಲ, ಬೊಗಳಿದರೆ ಸಾಕು. ಬೇಟೆಗಾರ ಒಂದೆಡೆ ನಿಂತು ದನಿಯ ಮೇಲೆಯೇ ಮೊಲ ಎತ್ತ ತಿರುಗಿತೆಂದು ತಿಳಿಯಬೇಕು. ವರ್ಷ ತುಂಬುವುದರೊಳಗೆ ಜಾಡಿನ ಮೇಲೆ ಬಾಯಿ ಬಿಡದ ಮರಿ ಮೂಕಿ. ಅದಕ್ಕೆ ಅಲ್ಲಿ ಜಾಗವಿಲ್ಲ.

ಆ ಸೀಮೆಯಲ್ಲಿ ಹರ್ಶೆಲ್ ಮೂಕಿ ಅಂದರೆ ಮೂಕಿ, ಎರಡನೇ ಮಾತಿಲ್ಲ. ಮೂವತ್ತು ವರ್ಷ ಒಂದೇ ತಳಿಯನ್ನು ಕಾಪಾಡಿಕೊಂಡು ಬಂದವನು. ಆದರೆ ಎರಡು ವರ್ಷದಲ್ಲಿ ಆ ತಳಿಯ ಮೂರು ಹೆಣ್ಣುಮರಿಗಳು ಅವನ ಪರೀಕ್ಷೆಯಲ್ಲಿ ಮೂಕಿಯಾದವು. ದೋಷ ಮುಂದುವರಿಯಬಾರದೆಂದು, ಮರಿ ಹಾಕದಂತೆ ಆಪರೇಷನ್ ಮಾಡಿಸಿಯೇ ದಾನ ಕೊಟ್ಟಿದ್ದ. ಅವುಗಳ ತಾಯಿಯೂ ಸತ್ತಳು. ಉಳಿದವಳು ಟಿಲ್ಲಿ ಒಬ್ಬಳೇ. ಇವತ್ತಿಗೆ ಅವಳಿಗೆ ಒಂದು ವರ್ಷ. ಇವತ್ತೂ ಬಾಯಿ ಬಿಡದಿದ್ದರೆ ಪಕ್ಕದ ಕಣಿವೆಯ ವೆಂಡಲ್ ಹತ್ತು ಗಂಟೆಗೆ ಬಂದು ಅವಳನ್ನೂ ಆಪರೇಷನ್ನಿಗೆ ಡಾಕ್ಟರ ಹತ್ತಿರ ಕರೆದೊಯ್ಯುವುದೆಂದು ಮಾತಾಗಿತ್ತು. ಇವಳೂ ಹೋದರೆ ಬೇಲಿ ಕಿತ್ತುಹಾಕುತ್ತೇನೆ ಎಂದು ಹರ್ಶೆಲ್ ರಾತ್ರಿಯೇ ವೆಂಡಲ್‌ಗೆ ಹೇಳಿದ್ದ. ಅದನ್ನು ಹೇಳುವಾಗ ಅವನಿಗೆ ದುಃಖಕ್ಕಿಂತ ಸುಸ್ತೇ ಹೆಚ್ಚಾಗಿತ್ತು.

ಮೊದಲು ಮುದಿನಾಯಿ ಬೂನ್‌ನನ್ನು ಒಳಗೆ ಬಿಟ್ಟ, ಬೆನ್ನಿಗೇ ಟಿಲ್ಲಿಯನ್ನು. ಬೂನ್ ಪೊದೆಗೆ ನುಗ್ಗಿ ಮೊಲವನ್ನು ಎಬ್ಬಿಸಿ ತನ್ನ ಗಡಸು ಗಂಟಲಲ್ಲಿ ಊಳಿಟ್ಟ. ಹರ್ಶೆಲ್‌ನ ಎದೆ ಒಂದಿಷ್ಟು ಹಗುರಾಯಿತು. ಎರಡು ಸುತ್ತು ಓಡುವಷ್ಟರಲ್ಲಿ ಬೂನ್‌ಗೆ ಸಾಕಾಗಿ, ಗೇಟಿನ ಬಳಿ ಬಂದು ಮಲಗಿದ. ಆಮೇಲೆ ನಿಶ್ಶಬ್ದ. ಹರ್ಶೆಲ್ ಬೇಲಿಯ ಪಕ್ಕದ ಹಲಗೆಯ ಮೇಲೆ ಕೂತು ಕಣ್ಣು ಮುಚ್ಚಿ ಕಾದ. ಕಾಲು ಗಂಟೆಯಾದರೂ ಏನೂ ಇಲ್ಲ.

"ಹಾಳಾಗಿ ಹೋಗಲಿ," ಅಂದ. "ಮುಗೀತು."

ಕಣ್ಣು ತೆರೆದಾಗ ಟಿಲ್ಲಿ ಎದುರಿನ ಬಯಲಲ್ಲೇ ಓಡುತ್ತಿದ್ದಳು. ಮೂಗು ನೆಲದಲ್ಲಿ, ಬಾಲ ನೆಟ್ಟಗೆ, ಜಾಡು ಕೂದಲೆಳೆಯಷ್ಟೂ ತಪ್ಪದೆ. ನಾಲ್ಕು ಹೆಜ್ಜೆಗೊಮ್ಮೆ ತಲೆಯೆತ್ತಿ ಬಾಯಿ ತೆರೆಯುತ್ತಿದ್ದಳು. ತೆರೆದಾಗಲೆಲ್ಲ ಚಳಿಗೆ ಬಾಯಿಂದ ಬಿಳಿ ಹಬೆ ಉಂಡೆಯಾಗಿ ಹಾರುತ್ತಿತ್ತು. ಒಂದು, ಎರಡು, ಮೂರು ಸಲ. ಹರ್ಶೆಲ್ ಹಬೆಯನ್ನು ನೋಡಿದ. ಸದ್ದು ಮಾತ್ರ ಇಲ್ಲ.

"ಅಬ್ಬಬ್ಬಾ, ಏನು ಕಿರುಚ್ತಾಳೆ ಇವಳು!" ಓಪಲ್ ಕಿವಿಗೆ ಕೈ ಇಟ್ಟುಕೊಂಡಳು. "ಕಿವಿ ತೂತಾಗೋಯ್ತು."

"ಏನಂದೆ?"

"ಕಿರುಚ್ತಾಳೆ ಅಂದೆ!"

"ಯಾರು?"

ಓಪಲ್ ಅವನ ಮುಖವನ್ನೇ ನೋಡಿದಳು. ಮೂವತ್ತೆಂಟು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸದ ಮುಂದೆ ನಿಂತ ಗಂಡ. ಟೀವಿ ಜೋರು ಮಾಡುವುದು, ಮೂರು ಸಲ ಕೂಗಿದರೂ ಓಗೊಡದಿರುವುದು ಅವಳಿಗೆ ರೂಢಿಯಾಗಿತ್ತು. ಅದು ನಾಯಿಗಳ ತನಕ ಹೋಗಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

"ನಿನಗೆ ಇದು ಕೇಳಿಸ್ತಿಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಈ ಹೆಣ್ಣುಮರಿಗಳದು ಕೀರಲು, ಬೂನ್‌ನದು ದಪ್ಪ ದನಿ. ಅದು ಕೇಳುತ್ತಿದ್ದುದರಿಂದ ತನ್ನ ಕಿವಿಯ ಮೇಲೆ ಅವನಿಗೆ ಎಂದೂ ಅನುಮಾನ ಬಂದಿರಲಿಲ್ಲ.

"ಆ ಮೂರು ಮರಿಗಳು? ಮೂಕಿ ಅಂತ ಊರಿಗೆಲ್ಲ ಹೇಳಿ ಕೊಟ್ಟೆನಲ್ಲ?" ಅಂದ.

"ಅಡುಗೆಮನೆ ತನಕ ಕೇಳ್ಸೋದು, ಎಲ್ಲದರದ್ದೂ. ನಿನಗೆ ಬೇರೇನೋ ಹಿಡಿಸ್ಲಿಲ್ಲ ಅಂದ್ಕೊಂಡಿದ್ದೆ. ಮೂಕಿ ಅಂತ ನೀನು ಊರಿಗೆಲ್ಲ ಹೇಳಿದೆ, ನನಗೊಂದು ಮಾತು ಹೇಳ್ದ್ಯಾ? ನಾಯಿ ವಿಷಯ ನನ್ನ ಹತ್ರ ಯಾವತ್ತು ಆಡಿದೀಯ?" ಸಿಟ್ಟು ತಡೆಯಲಾಗಲಿಲ್ಲ ಅವಳಿಗೆ. "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ!"

ಅಷ್ಟರಲ್ಲಿ ವೆಂಡಲ್‌ನ ಪಿಕಪ್ ಬಂತು. ಖಾಲಿ ನಾಯಿಪೆಟ್ಟಿಗೆ ಇಳಿಸುತ್ತ, "ಏನಣ್ಣಾ, ಒಳ್ಳೇ ಕೊಳಲು ಊದ್ತಾ ಇದಾಳಲ್ಲ! ಮೂಕಿ ಅಂದ್ಯಲ್ಲೋ?" ಅಂದ.

"ಅವಳು ಮೂಕಿ ಅಲ್ಲ. ನಾನು ಕಿವುಡ." ಹರ್ಶೆಲ್ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಹೋದ ವರ್ಷ ನಿನಗೆ ಕೊಟ್ಟದ್ದು ಬಾಯಿ ಬಿಡ್ತಾ?"

ವೆಂಡಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಎರಡನೇ ದಿನಾನೇ."

"ಯಾಕೋ ಹೇಳ್ಲಿಲ್ಲ?"

"ಹೇಳೋಕೆ ಬಂದೆ. ನೀನು 'ಮೂಕೀನ ಸಾಕ್ತಿದೀಯಲ್ಲೋ, ಪುಣ್ಯಾತ್ಮ' ಅಂದುಬಿಟ್ಟೆ. ನಿನ್ನಂಥವನ ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳ್ಲಿ?" ಆಮೇಲೆ ನೆಲ ನೋಡಿದ. "ಸುಳ್ಳು ಯಾಕೆ, ಹೇಳಿದ್ರೆ ವಾಪಸ್ ಕೇಳ್ತೀಯ ಅಂತಲೂ ಸುಮ್ಮನಿದ್ದೆ."

ಹರ್ಶೆಲ್‌ಗೆ ಬೈಯಬೇಕೆನಿಸಿತು. ಆದರೆ ಆ ಮೂರನ್ನೂ ಡಾಕ್ಟರ ಟೇಬಲ್ ಮೇಲೆ ಮಲಗಿಸಿದ್ದು ವೆಂಡಲ್ ಅಲ್ಲವಲ್ಲ.

"ಪೆಟ್ಟಿಗೆ ತಗೊಂಡು ಹೋಗು, ವೆಂಡಲ್," ಅಂದ. "ಟಿಲ್ಲಿ ಇಲ್ಲೇ ಇರ್ತಾಳೆ."

ಪಿಕಪ್ ಇಳಿಜಾರಿನಲ್ಲಿ ಮರೆಯಾಯಿತು. ಟಿಲ್ಲಿ ಇನ್ನೂ ಓಡುತ್ತಲೇ ಇದ್ದಳು, ಹಬೆ ಬಿಡುತ್ತಲೇ ಇದ್ದಳು. ಹರ್ಶೆಲ್ ಹಲಗೆಯ ಮೇಲೆ ಕೊಂಚ ಸರಿದು ಜಾಗ ಮಾಡಿದ.

"ಓಪಲ್, ಹೇಗಿದೆ ಅವಳ ದನಿ?"

"ಹೇಗೆ ಅಂದ್ರೆ? ನನಗೇನು ಗೊತ್ತು ನಾಯಿ ದನಿ?"

"ಮಾಡಿ ತೋರಿಸು."

"ಹುಚ್ಚು ಹಿಡಿದಿದ್ಯಾ? ಅರವತ್ತೈದು ವರ್ಷದ ಮುದುಕಿ ಇಲ್ಲಿ ಕೂತು ಬೊಗಳ್ಲಾ?"

ಅವನ ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲೂ ಇಲ್ಲ. ಓಪಲ್ ಆಚೀಚೆ ನೋಡಿದಳು. ಫ್ಲಾಸ್ಕ್ ಕೆಳಗಿಟ್ಟು ಹತ್ತಿರ ಕೂತು, ಅವನ ಕಿವಿಗೆ ಬಾಯಿ ಹಚ್ಚಿ ಟಿಲ್ಲಿಯ ಹಾಗೆ ಶಕ್ತಿಮೀರಿ ಕೂಗಿದಳು.

"ಇನ್ನೂ ಜೋರಾಗಿ," ಅಂದ ಹರ್ಶೆಲ್.