ಒಂದೇ ಮೇಜು

ಹಾಸ್ಟೆಲ್ ಕೋಣೆಯ ಕಿಟಕಿಯ ಬಳಿಗೆ ಕುರ್ಚಿ ಎಳೆದು, ಗೆಳೆಯನ ಕೊರಳಿಗೆ ಹಳೇ ಬೆಡ್‌ಶೀಟ್ ಸುತ್ತಿ, ಕ್ಷೌರಿಕನ ಮಗ ಬಾಚಣಿಗೆ ಒದ್ದೆ ಮಾಡಿಕೊಂಡ. ಓದಲು ಹೋದಲ್ಲಿ ಕತ್ತರಿ ಮುಟ್ಟಬೇಡ ಎಂದು ಅಪ್ಪ ಹೇಳಿ ಕಳಿಸಿದ್ದ. ಮುಟ್ಟಿದ್ದು ಈ ಗೆಳೆಯನೊಬ್ಬನಿಗಾಗಿ. ಅಪ್ಪನ ಅಂಗಡಿಯ ವಿಷಯ ಇಡೀ ವಿಶ್ವವಿದ್ಯಾಲಯದಲ್ಲಿ ಗೊತ್ತಿದ್ದದ್ದೂ ಈ ವಕೀಲರ ಮಗನಿಗೆ ಮಾತ್ರ.

ವರ್ಷವಿಡೀ ಇಬ್ಬರದೂ ಒಟ್ಟಿಗೇ ಊಟ. ಫೋಟೋ ಹೊಡೆಯದೆ ವಕೀಲರ ಮಗ ತುತ್ತು ಎತ್ತುತ್ತಿರಲಿಲ್ಲ. ಹುಚ್ಚು ಮುಂಡೇದು ಎಂದು ಕ್ಷೌರಿಕನ ಮಗ ನಗುತ್ತಿದ್ದ.

"ಕಿವಿ ಹತ್ರ ಜೋಪಾನ ಕಣೋ. ನಾಳೆ ಸ್ಟೇಜ್ ಹತ್ತಬೇಕು."

"ಕಿವಿ ಬಿಟ್ಟೇ ಕತ್ತರಿಸ್ತೀನಿ ಬಿಡು. ಏನ್ ವಿಶೇಷ?"

"'ಒಂದೇ ಮೇಜು' ಕಾರ್ಯಕ್ರಮದ ಬಹುಮಾನ. ನಮ್ಮ ಜೋಡಿನೇ ಫಸ್ಟು."

"ಯಾವ ಜೋಡಿ?"

"ನೀನು, ನಾನು. ನಮ್ಮಂಥೋರು ನಿಮ್ಮಂಥೋರ ಜೊತೆ ವರ್ಷ ಪೂರ್ತಿ ಊಟ ಮಾಡಿ ಫೋಟೋ ಹಾಕ್ಬೇಕು. ಮಾರ್ಕ್ಸ್ ಕೊಡ್ತಾರೆ. ಹೇಳಿರ್ಲಿಲ್ವಾ? ನಾಳೆ ನಿಮ್ಮಪ್ಪನ ಅಂಗಡಿ ಬಗ್ಗೆ ಮಾತಾಡ್ತೀನಿ. ನೀನು ಎದ್ದು ನಿಂತ್ರೆ ಸಾಕು."

ಕತ್ತರಿ ಗಾಳಿಯಲ್ಲೇ ನಿಂತಿತು. ಎಷ್ಟು ಊಟ, ಎಷ್ಟು ನಗು, ಎಲ್ಲವೂ ಹೋಂವರ್ಕ್.

"ಅಂದ್ರೆ ನಾನು ನಿನ್ನ ಪಾಠ."

"ಹಾಗಲ್ವೋ. ಶುರು ಮಾಡಿದ್ದು ಮಾರ್ಕ್ಸ್‌ಗೇ, ಒಪ್ಕೋತೀನಿ. ಆಮೇಲೆ ನಿಜವಾಗ್ಲೂ ಸ್ನೇಹ ಆಯ್ತು. ಆ ಕಾರ್ಯಕ್ರಮ ಇಲ್ದಿದ್ರೆ ನಿನ್ನ ಮೇಜಿಗೆ ನಾನು ಬರ್ತಾನೇ ಇರ್ಲಿಲ್ಲ."

"ಅದೇ, ಅದನ್ನೇ ಕೇಳಿಸ್ಕೊಂಡೆ."

ತಲೆಯ ಎಡಭಾಗ ಮುಗಿದಿತ್ತು, ಬಲಭಾಗ ಪೊದೆಯಂತಿತ್ತು. ಹಾಗೇ ಬಿಟ್ಟರೆ ನಾಳೆ ಸ್ಟೇಜ್ ಮೇಲೆ ನಿಂತವನನ್ನು ನೋಡಿ ಊರೇ ನಗುತ್ತದೆ. ಕೈ ತುರಿಸಿತು. ಆದರೆ ಹಗೆಯವನ ತಲೆಯಾದರೂ ಅರ್ಧಕ್ಕೆ ಬಿಡಬಾರದೆಂಬುದು ಅಪ್ಪನ ಅಂಗಡಿಯ ನಿಯಮ. ಹಲ್ಲು ಕಚ್ಚಿಕೊಂಡು ಮುಗಿಸಿದ. ಕತ್ತಿನ ಕೂದಲು ಕೊಡವಿದ. ಕನ್ನಡಿ ಹಿಡಿದು ಹಿಂಭಾಗವನ್ನೂ ತೋರಿಸಿದ. ಆಮೇಲೆ ಕೈ ಚಾಚಿದ.

"ಕೂಲಿ ಕೊಡು."

"ಏನೋ ಇದು, ನಮ್ಮಿಬ್ಬರ ಮಧ್ಯೆ?"

"ಸ್ನೇಹಿತರಿಗೆ ಪುಕ್ಕಟೆ. ನನ್ನ ಜೊತೆ ಉಂಡಿದ್ದಕ್ಕೆ ನೀನು ಕೂಲಿ ಇಸ್ಕೊಂಡೆ. ನಿನ್ನ ತಲೆಗೆ ನಾನೂ ಇಸ್ಕೋತೀನಿ. ನಾಳೆ ನಮ್ಮಪ್ಪನ ಸುದ್ದಿ ನಿನ್ನ ಬಾಯಲ್ಲಿ ಬರಬಾರದು."

ವಕೀಲರ ಮಗ ನೋಟು ಕೊಟ್ಟ.

ಮರುದಿನ ಮಧ್ಯಾಹ್ನ ಸಭಾಂಗಣದ ಚಪ್ಪಾಳೆ ಊಟದ ಮನೆಯವರೆಗೂ ಕೇಳುತ್ತಿತ್ತು. ಕ್ಷೌರಿಕನ ಮಗ ಒಬ್ಬನೇ ಉಣ್ಣುತ್ತಿದ್ದ. ಎದುರಿನ ಕುರ್ಚಿಯ ಮೇಲೆ ಅವನ ಚೀಲ ಕೂತಿತ್ತು.

ವಕೀಲರ ಮಗ ತಟ್ಟೆ ಹಿಡಿದು ಬಂದು ಮೇಜಿನ ಪಕ್ಕ ನಿಂತ. ಫೋನ್ ಹೊರಗೆ ತೆಗೆಯಲಿಲ್ಲ.

"ಸ್ಟೇಜ್ ಹತ್ತಲಿಲ್ಲ ಕಣೋ. ಬಹುಮಾನ ಬೇಡ ಅಂದೆ. ಮಾರ್ಕ್ಸೂ."

ಇವನು ತಲೆ ಎತ್ತಲಿಲ್ಲ. ಚೀಲವನ್ನೂ ಎತ್ತಲಿಲ್ಲ.

ಸುತ್ತ ಎಷ್ಟೋ ಕುರ್ಚಿಗಳು ಖಾಲಿಯಿದ್ದವು. ವಕೀಲರ ಮಗ ಅತ್ತ ಹೋಗಲಿಲ್ಲ. ತಟ್ಟೆಯನ್ನು ಮೇಜಿನ ಅಂಚಿಗಿಟ್ಟು, ನಿಂತೇ ಮೊದಲ ತುತ್ತು ತಿಂದ.