ಮೊದಲು ತಲೆ, ಆಮೇಲೆ ಕಾಲು

ಆಸ್ಪತ್ರೆಯ ಕಾರಿಡಾರಿನಲ್ಲಿ ಔಷಧಿ ಹೊತ್ತು ಓಡಾಡುವ ರೋಬೋಟು ಒಂದು ದಿನವೂ ಯಾರಿಗೂ ಡಿಕ್ಕಿ ಹೊಡೆದಿರಲಿಲ್ಲ. ಆದರೂ ಅದು ಎದುರಾದರೆ ಸಾಕು, ರೋಗಿಗಳು ಹೌಹಾರಿ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಯಾಕಿರಬಹುದು? ಅದರ ವಿನ್ಯಾಸ ಮಾಡಿದವಳಿಗೆ ಈ ಪ್ರಶ್ನೆ ತಲೆ ತಿನ್ನುತ್ತಿತ್ತು.

ರಜೆಯ ದಿನ ಸೋದರಮಾವನ ಗಡಿಯಾರ ರಿಪೇರಿ ಅಂಗಡಿಗೆ ಹೋದಳು. ಮಾವ ತಗಡಿನ ಹಳೇ ಆಟಿಕೆಯೊಂದರ ಬೆನ್ನು ಬಿಚ್ಚಿಕೊಂಡು ಕೂತಿದ್ದರು.

"ಏನ್ ಮಾವ, ಗಡಿಯಾರ ಬಿಟ್ಟು ಗೊಂಬೆ ಹಿಡಿದಿದ್ದೀರಿ?"

"ಗೊಂಬೆ ಅನ್ಬೇಡ್ವೇ. ನಿನ್ನ ರೋಬೋಟಿನ ಮುತ್ತಜ್ಜ ಇವನು!"

ಕೀಲಿ ಕೊಟ್ಟು ಮೇಜಿನ ಮೇಲೆ ಬಿಟ್ಟರು. ಗೊಂಬೆ ಕಟಕಟನೆ ನಾಲ್ಕು ಹೆಜ್ಜೆ ನಡೆದು ನಿಂತಿತು. ಅವಳ ಟೀ ಲೋಟದ ಕಡೆಗೆ ತಲೆ ತಿರುಗಿಸಿತು. ಆಮೇಲಷ್ಟೇ ಕಾಲು ಅತ್ತ ಹೊರಳಿತು. ಅಷ್ಟರಲ್ಲಿ ಅವಳು ಲೋಟ ಎತ್ತಿಕೊಂಡಾಗಿತ್ತು.

"ಯಾಕೆ ತೆಗೆದೆ?"

"ಇದು ಈ ಕಡೆ ಬರುತ್ತಲ್ಲ..." ಎಂದವಳು ಮಾತು ಅರ್ಧಕ್ಕೇ ನಿಲ್ಲಿಸಿದಳು. ಬರುತ್ತದೆಂದು ಹೇಳಿದವರಾರು? ಗೊಂಬೆಯೇ!

ಗೊಂಬೆಯ ತೆರೆದ ಬೆನ್ನೊಳಗೆ ಇಣುಕಿದಳು. ಇದ್ದದ್ದು ಒಂದೇ ಸ್ಪ್ರಿಂಗು; ಒಂದು ಚಕ್ರ ಕತ್ತು ತಿರುಗಿಸಿದ ಮೇಲೆಯೇ ಇನ್ನೊಂದು ಚಕ್ರ ಕಾಲಿಗೆ ತಾಗುತ್ತಿತ್ತು.

"ಇಷ್ಟು ವರ್ಷ ಇಂಥವನ್ನ ರಿಪೇರಿ ಮಾಡಿದೀನಿ," ಮಾವ ಕನ್ನಡಕ ತೆಗೆದರು, "ತಲೆ ತಿರುಗೋದು ಬರೀ ಚಂದಕ್ಕೆ ಅಂದ್ಕೊಂಡಿದ್ದೆ."

ಮರುದಿನ ಅವಳು, ರೋಬೋಟೂ ತಿರುಗುವ ಮುನ್ನ ಆ ಕಡೆಗೆ ತಲೆ ತಿರುಗಿಸಲಿ ಎಂದಾಗ ಆಫೀಸಿನ ಹಿರಿಯ ಎಂಜಿನಿಯರ್ ನಕ್ಕುಬಿಟ್ಟರು. "ನಮ್ಮದಕ್ಕೆ ಸುತ್ತಲೂ ಕಾಣುತ್ತೆ ಕಣಮ್ಮ. ಕತ್ತು ತಿರುಗಿಸಿ ನೋಡೋದು ಏನಿದೆ?"

"ಅದು ನೋಡೋಕಲ್ಲ ಸರ್, ಅದನ್ನ ನಾವು ನೋಡೋಕೆ."

ಮೊದಲ ಪ್ರಯತ್ನ ನೆಲಕಚ್ಚಿತು. ರೋಬೋಟಿನ ತಲೆ ಸರಕ್ಕನೆ ತಿರುಗಿದ್ದು ಕಂಡು ನರ್ಸೊಬ್ಬಳು ಟ್ರೇ ಬೀಳಿಸಿದಳು. ವಿನ್ಯಾಸಕಿ ಮತ್ತೆ ಅಂಗಡಿಗೆ ಓಡಿದಳು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಗೊಂಬೆಯನ್ನು ಇಪ್ಪತ್ತು ಸಲ ನಡೆಸಿದಳು. ತಲೆಗೂ ಕಾಲಿಗೂ ನಡುವೆ ಹೆಚ್ಚುಕಡಿಮೆ ಒಂದು ಸೆಕೆಂಡು. ನೋಡಿದವರು ಉಸಿರೆಳೆದುಕೊಂಡು ಸರಿಯಲು ಸಾಕಾಗುವಷ್ಟು. ರೋಬೋಟಿನ ತಲೆಯ ವೇಗ ತಗ್ಗಿಸಿ, ಅಷ್ಟೇ ಬಿಡುವನ್ನು ಅದಕ್ಕೂ ಇಟ್ಟಳು.

ಆ ವಾರದ ಕೊನೆಗೆ, ಮಂಡಿಯ ಆಪರೇಷನ್ ಆಗಿದ್ದ ಅಜ್ಜಿಯೊಬ್ಬರು ಊರುಗೋಲು ಹಿಡಿದು ಕಾರಿಡಾರಿನಲ್ಲಿ ಬರುತ್ತಿದ್ದರು. ಎದುರಿಗೆ ರೋಬೋಟು ನಿಂತಿತು. ನಿಧಾನವಾಗಿ ಬಲಕ್ಕೆ ತಲೆ ತಿರುಗಿಸಿತು.

"ಓ, ಆ ವಾರ್ಡಿಗಾ? ಹೋಗಪ್ಪ, ಹೋಗು," ಎಂದ ಅಜ್ಜಿ ಗೋಡೆಯತ್ತ ಸರಿಯಲೂ ಇಲ್ಲ, ತಮ್ಮ ಪಾಡಿಗೆ ತಾವು ಮುಂದೆ ನಡೆದರು.