ಮಾಳಿಂಗನ ಕೊರಳ ಗುಂಡಿ

ಬೆಳ್ಳಕ್ಕಿಗಳೋ ಹಾರಿಬಂದ ಪ್ಲಾಸ್ಟಿಕ್ ಚೀಲಗಳೋ, ಗದ್ದೆಯ ಬದುವಿನ ಮೇಲೆ ಬೆಳ್ಳಗೆ ಏನೋ ಕೂತಿದೆ, ಬಸ್ಸು ಹತ್ತಿರ ಬಂದರೂ ಏಳುತ್ತಿಲ್ಲ, ಅಂದರೆ ಚೀಲಗಳೇ, ಅಲ್ಲ, ಒಂದು ಎದ್ದಿತು — ಯಾವುದು ಜೀವ ಯಾವುದು ಚೀಲ ಎಂಬುದೂ ನನಗೆ ದೂರದಿಂದ ತಿಳಿಯುವುದಿಲ್ಲ, ನಾನು ಮಕ್ಕಳ ಮನಸ್ಸು ನೋಡುವವಳಂತೆ, ಆಪ್ತ ಸಮಾಲೋಚಕಿ ಭಾರತಿ, ಸೋಮವಾರ ಸಿಂಧನೂರು, ಬುಧವಾರ ಮಸ್ಕಿ, ಶುಕ್ರವಾರ ಲಿಂಗಸುಗೂರು, ಇವತ್ತು ಗುರುವಾರ, ಇವತ್ತು ನಾನು ಯಾವ ಶಾಲೆಯವಳೂ ಅಲ್ಲ, ಆದರೂ ಮಸ್ಕಿಯ ಬಸ್ಸಿನಲ್ಲಿ ಕೂತಿದ್ದೇನೆ, ಮುಷ್ಟಿಯೊಳಗೆ ಒಂದು ಅಂಗಿಯ ಗುಂಡಿ, ಬಿಳಿಯದು, ನಾಲ್ಕು ತೂತು, ಹರಿದ ದಾರ ಇನ್ನೂ ಅದರಲ್ಲೇ ಇದೆ. ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದೆ, ಹೆಡ್ ಮಾಸ್ತರು ಪಂಪಾಪತಿ ಸರ್ ಫೋನು — ಮೇಡಂ, ಹತ್ತನೇತ್ತಿ ಮಾಳಿಂಗರಾಯ ಇದ್ದಾನಲ್ರೀ, ಅವರವ್ವ ಬಂದು ಟಿ.ಸಿ. ಕೇಳಾಕತ್ತಾಳ, ಮಧ್ಯಾಹ್ನದ ಬಸ್ಸಿಗೆ ಹುಲಿಗಿ ಅಮ್ಮನ ಗುಡಿಗೆ ಕರಕೊಂಡು ಹೊಂಟಾಳಂತ, ನಾಳಿ ಹುಣ್ಣಿವಿಗೆ ಮುತ್ತು ಕಟ್ಟಿಸಿ ಜೋಗಪ್ಪನ್ನ ಮಾಡ್ತಾಳಂತ — ಸರ್ ದನಿ ತಗ್ಗಿಸಿದರು, ನೀವ ಹೇಳೀರಂತಲ್ರೀ? ಮುತ್ತು ಅಂದರೆ ಕೊರಳಿಗೆ ಕೆಂಪು ಬಿಳಿ ಮಣಿಯ ಸರ, ಜೋಗಪ್ಪ ಅಂದರೆ ದೇವಿಗೆ ಬಿಟ್ಟ ಗಂಡು, ಮೈಗೆ ಸೀರೆ, ತಲೆಯ ಮೇಲೆ ಹುಲಿಗೆಮ್ಮನ ಕೊಡ, ಕಟ್ಟಿದ ಮೇಲೆ ಬಿಚ್ಚುವಂತಿಲ್ಲ, ಪರೀಕ್ಷೆಗೆ ಇನ್ನು ಹದಿನೆಂಟೇ ದಿನ.

ನೀವ ಹೇಳೀರಂತ, ಹೌದು, ನಾನೇ, ಆದರೆ ಹಾಗಲ್ಲ, ಹೇಗೆ ಅಂದರೆ — ಮೊದಲು ಹೇಳಿದ್ದು ಅವನು, ಮೂರು ವಾರದ ಹಿಂದೆ, ಬಿಸಿಯೂಟದ ಅಕ್ಕಿ ಚೀಲ ಒಟ್ಟಿದ ಕೋಣೆಯಲ್ಲಿ, ಅದೇ ನನ್ನ ಕೋಣೆ, ಉಳಿದ ಹುಡುಗರೆಲ್ಲ ಎರಡೆರಡು ಗುಂಡಿ ಬಿಚ್ಚಿ ತಿರುಗುವ ಬಿಸಿಲಲ್ಲಿ ಇವನು ಕೊರಳ ತನಕ ಹಾಕಿಕೊಂಡಿದ್ದ, ಆ ಮೇಲಿನ ಗುಂಡಿಯನ್ನೇ ತಿರುವುತ್ತ, ಮೇಡಂ, ಬಸವಲಿಂಗ ಲಿಂಗಸುಗೂರ ಹಾಸ್ಟೆಲ್‌ಗೆ ಹೋದ್ನಲ್ರೀ, ಅವತ್ತಿಂದ ರೊಟ್ಟಿ ಸೇರವಲ್ದು. ಗೆಳ್ಯಾ ಹೋದ್ರ ಹಂಗ ಆಗತೈತಪ್ಪ ಅಂದೆ. ಗೆಳ್ಯಾ ಅಂದ್ರ ಹಂಗಲ್ರೀ, ಹುಡುಗರು ಹುಡುಗೇರ್ನ ನೆನಸ್ತಾರಲ್ರೀ, ಹಂಗ — ಗುಂಡಿ ತಿರುಗಿತು, ಇನ್ನೊಮ್ಮೆ ತಿರುಗಿತು — ಹಂಗಾರ ನಾ ಹುಡುಗಿ ಏನ್ರೀ ಮೇಡಂ? ನಿನಗೇನನಸ್ತೈತಿ ಅಂದೆ. ನಾ ಹುಡುಗಾನ ಅದೀನ್ರೀ, ಕುರಿ ಕಾಯ್ತೀನಿ, ಕಬಡ್ಡಿ ಆಡ್ತೀನಿ, ಅಂವ ಅಂದ್ರ ಮಾತ್ರ ಹಿಂಗ — ಟಪ್ಪನೆ ಗುಂಡಿ ಕಿತ್ತುಬಂದು ಮೇಜಿನ ಮೇಲೆ ಬಿತ್ತು, ಇಬ್ಬರೂ ಬೆಚ್ಚಿದೆವು, ಆಮೇಲೆ ಇಬ್ಬರೂ ನಕ್ಕೆವು, ನಾ ಹೊಲದು ಕೊಡ್ತೀನಿ ಬಿಡು ಅಂದೆ, ಇದರಾಗ ತಪ್ಪೇನಿಲ್ಲ ಅಂದೆ, ನಿನ್ನಂಥವರು ಭಾಳ ಮಂದಿ ಅದಾರ ಅಂದೆ, ತರಬೇತಿಯಲ್ಲಿ ಕಲಿಸಿದ್ದನ್ನೆಲ್ಲ ಅಂದೆ, ಈ ಕೋಣೆಯ ಮಾತು ಹೊಸ್ತಿಲು ದಾಟುವುದಿಲ್ಲ ಎಂದೆ, ಆಣಿ ಮಾಡ್ರೀ ಎಂದು ಅಂಗೈ ಚಾಚಿದ, ಆಣೆ ಮಾಡಿದೆ. ಗುಂಡಿ ಪರ್ಸಿನಲ್ಲೇ ಉಳಿಯಿತು. ಮುಂದಿನ ಬುಧವಾರ ಅವನ ಅವ್ವ ಗದ್ದೆಮ್ಮ ಬಂದಳು, ವಳಕಮದಿನ್ನಿ ಕಡೆ ಗದ್ದೆಯ ಕಳೆ ಕೀಳುವ ಕೂಲಿ ಬಿಟ್ಟು, ಮಗನನ್ನು ರಟ್ಟೆ ಹಿಡಿದುಕೊಂಡು — ಉಣವಲ್ಲ, ಬರೀ ಅಳ್ತಾನ್ರೀ, ಹೆಂಗಸಿನಂಗ ಅಳ್ತೀಯೇನಲೇ ಅಂತ ಅವರಪ್ಪ ಯಮನೂರ ಬಾರಕೋಲಿಲೆ ಹೊಡದಾನ, ನೋಡ್ರಿಲ್ಲಿ — ಅಂಗಿ ಎತ್ತಿ ಬೆನ್ನು ತೋರಿಸಿದಳು, ಅವನು ಅಕ್ಕಿ ಚೀಲದ ಕಡೆ ಮುಖ ಮಾಡಿ ನಿಂತಿದ್ದ — ಇವಗ ಏನಾಗ್ಯಾದ ನಿಮಗ ಗೊತ್ತೈತಿ, ಹೇಳ್ರೀ ಮೇಡಂ. ಗೊತ್ತಿದೆ, ಆಣೆಯೂ ಇದೆ, ಬೆನ್ನ ಮೇಲೆ ಬಾಸುಂಡೆಯೂ ಇದೆ, ಆಗ ನನ್ನ ಬಾಯೊಳಗೆ ತಿಮ್ಮವ್ವ ಬಂದು ಕೂತಳು, ನನ್ನ ಅಜ್ಜಿ, ಸಾಲಗುಂದದ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಹೇಳುತ್ತಿದ್ದವಳು — ಗಂಡಸರ ತಲಿ ಬಿರುಸು, ಅಮ್ಮನ ಕೊಡ ನಿಲ್ಲೂದಿಲ್ಲ, ಹೆಂಗಸರ ತಲೀ ಮ್ಯಾಲೆ ಮೊದಲ ಸಂಸಾರದ ಭಾರ, ಅದಕ್ಕ ಹುಲಿಗೆಮ್ಮ ಗಂಡಿನ ಮೈಯಾಗ ಹೆಣ್ಣಿನ ಜೀವ ಇಟ್ಟಳವ್ವ, ಅಂಥವರ ಮ್ಯಾಲೆ ಕೈ ಎತ್ತಿದ ಮನಿಗೆ ಹುಲಿ ಬರತೈತಿ. ನಮ್ಮ ಬಾಗಿಲಿಗೆ ಬರುತ್ತಿದ್ದ ಜೋಗಪ್ಪ ಎಷ್ಟು ಚೆಂದ, ಮುಡಿಯ ತುಂಬ ಹೂವು, ದನಿ ಮಾತ್ರ ಗಂಡಸಿನದು, ಅಜ್ಜಿ ಮೊರದ ತುಂಬ ಜೋಳ ನೀಡಿ ಕಾಲು ಮುಟ್ಟುತ್ತಿದ್ದಳು, ನಾನೂ ಮುಟ್ಟಿದ್ದೇನೆ, ಆ ಕಥೆಯಲ್ಲಿ ಹೊಡೆತವಿಲ್ಲ, ಅದಕ್ಕೇ ಹೇಳಿದೆ, ಇಷ್ಟೇ ಹೇಳಿದೆ — ಇಂಥ ಮಕ್ಕಳಿಗೆ ಹೊಡೀಬಾರದು ಗದ್ದೆಮ್ಮವ್ವ, ಹುಲಿಗೆಮ್ಮ ನೋಡ್ತಾಳ. ಗದ್ದೆಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಂದಿನಿಂದ ಹೊಡೆತ ನಿಂತಿತಂತೆ, ಯಮನೂರ ಮಗನಿಗೆ ಮೊದಲ ರೊಟ್ಟಿ ಹಾಕಿಸಿ ಆಮೇಲೆ ತಾನು ಉಣ್ಣುತ್ತಾನಂತೆ, ನಾನು ವರದಿಯಲ್ಲಿ ಸುಧಾರಣೆ ಕಂಡಿದೆ ಎಂದು ಬರೆದೆ, ದುಂಡಗಿನ ಅಕ್ಷರದಲ್ಲಿ, ಗದ್ದೆಮ್ಮ ಅದನ್ನು ಅಮ್ಮನ ಕರೆ ಎಂದೇ ಕೇಳಿಸಿಕೊಂಡಳೆಂದು ತಿಳಿಯದೆ.

ಬಸ್ಸು ಕಾಲುವೆ ದಾಟಿತು, ಕುಡುಗೋಲಿನಿಂದ ಕೊಯ್ದಂತೆ ಹಸಿರು ನಿಂತುಹೋಗಿ ತೊಗರಿ ಕಟ್ಟಿಗೆಯ ಒಣ ಹೊಲ ಶುರುವಾಯಿತು, ನಾನು ಹೋಗಿ ಏನು ಹೇಳಲಿ, ಅದು ಬರೀ ಕಥೆ ಅಂದರೆ ನಿಜ ಏನು ಎಂದು ಕೇಳುತ್ತಾಳೆ, ನಿಜ ಹೇಳಿದರೆ ಆಣೆ ಮುರಿಯಿತು, ಬಾರಕೋಲು ಗೂಟದಿಂದ ಇಳಿಯಿತು, ಸುಮ್ಮನಿದ್ದರೆ ನಾಳೆ ಮುತ್ತು, ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರೆ ಪೊಲೀಸ್ ಜೀಪು ಬರುತ್ತದೆ, ಗದ್ದೆಮ್ಮನೇ ಕಳ್ಳಿಯಂತೆ ಜೀಪು ಹತ್ತುತ್ತಾಳೆ, ಯಾರ ಮಾತು ಕೇಳಿ? ನನ್ನ ಮಾತು. ಜೋಗಪ್ಪನಾಗುವುದು ಕೆಟ್ಟದ್ದೇ? ಅಲ್ಲ, ಒಳಗಿನಿಂದ ಕರೆ ಬಂದವರಿಗೆ ಅದು ತವರುಮನೆ, ಆದರೆ ಇವನು ಹುಡುಗಾನ ಅದೀನ್ರೀ ಅಂದಿದ್ದ, ಬಿಡಿಸಿ ಹೇಳಿದ್ದ, ಆಗ ನನ್ನ ಕಿವಿ ಎಲ್ಲಿತ್ತು? ಅಜ್ಜಿಯ ಹತ್ತಿರ ಇನ್ನೊಂದು ಕಥೆಯಿತ್ತು, ಕುರಿ ಕಾಯುವ ಇಬ್ಬರು, ಇಬ್ಬರಿಗೂ ಒಂದೇ ಕಂಬಳಿ, ಒಬ್ಬ ಹೊಳೆಯಾಚೆ ಹೋದರೆ ಇನ್ನೊಬ್ಬನ ಕುರಿಗಳು ಮೇವು ಬಿಡುತ್ತಿದ್ದವು, ಆಮ್ಯಾಲೇನಾತಬೇ ಅಜ್ಜಿ ಅಂದರೆ ತಿಮ್ಮವ್ವ ಮೊರ ಝಾಡಿಸಿ ಎದ್ದುಬಿಡುತ್ತಿದ್ದಳು, ಆಮ್ಯಾಲೇನಿಲ್ಲ, ಅಷ್ಟ ಐತಿ — ಹೇಳಬಾರದೆಂದು ನಿಲ್ಲಿಸಿದಳೋ, ಅವಳಿಗೂ ಅಷ್ಟೇ ಗೊತ್ತಿತ್ತೋ, ಮಸ್ಕಿಯ ಗುಡ್ಡ ಕಂಡಿತು, ಇಳಿದೆ, ಗಂಗಾವತಿ ಗಂಗಾವತಿ ಎಂದು ಕಂಡಕ್ಟರ್ ಕೂಗುತ್ತಿದ್ದಾನೆ, ಹುಲಿಗಿಯ ದಾರಿ ಅದೇ, ಬೆಂಚಿನ ಮೇಲೆ ಗದ್ದೆಮ್ಮ, ಅವಳ ಮಗ್ಗುಲಿಗೆ ಚೀಲ, ಚೀಲದ ಬಾಯಲ್ಲಿ ಒಗೆದು ಮಡಿಚಿದ ಹಸಿರು ಸೀರೆ, ಆಚೆ ಮಗ್ಗುಲಿಗೆ ಅವನು, ಶಾಲೆಯ ಅಂಗಿಯಲ್ಲೇ — ಬಂದ್ರ್ಯಾ ಮೇಡಂ! ಹುಲಿಗೆಮ್ಮನ ಕಳಿಸ್ಯಾಳ ನಿಮ್ಮನ್ನ, ನೀವೂ ನಡೀರಿ, ಮುತ್ತು ಮೊದಲ ನೀವ ಮುಟ್ಟಿ ಕೊಡಬೇಕು, ನನ್ನ ಮಗನ್ನ ಉಳಿಸಿದಾಕಿ ನೀವು — ಬಾಗಿ ಕಾಲು ಹಿಡಿದಳು, ಬ್ಯಾಡ್ರೀ ಗದ್ದೆಮ್ಮವ್ವ, ಏಳ್ರೀ, ನಾ ತಪ್ಪು ಹೇಳೀನಿ, ಅದು ನಮ್ಮಜ್ಜಿ ಕಥಿ, ಇವಂದಲ್ಲ, ಇಂವ ಪರೀಕ್ಷಿ ಬರೀಲಿ — ಅಂದೇಬಿಟ್ಟೆನೇ, ಅಂದೇಬಿಟ್ಟೆ. ಹತ್ತೂದಿದ್ರ ಹತ್ರೀ ಯವ್ವಾ, ಬಸ್ ಬಿಡ್ತೀವಿ, ಕಂಡಕ್ಟರ್ ಕೂಗಿದ. ಗದ್ದೆಮ್ಮ ಬಾಗಿದಲ್ಲಿಂದಲೇ ತಲೆ ಎತ್ತಿದಳು, ಹಂಗಾರ ಇವಗ ಏನಾಗ್ಯಾದ್ರೀ? ಏನೂ ಆಗಿಲ್ರೀ. ಏನೂ ಆಗಿಲ್ಲಂದ್ರ ಯಾಕ ಅಳ್ತಾನ್ರೀ, ನಮ್ಮ ಮನಿಯವ್ರಿಗೆ ನಾ ಏನಂತ ಹೇಳ್ಲಿ? ಕುರಿ ಕಾಯುವ ಇಬ್ಬರು, ಒಂದೇ ಕಂಬಳಿ, ಆಮ್ಯಾಲೇನಾತು, ಆಮ್ಯಾಲೆ — ಬಸ್ಸು ಹೊರಟಿತು, ಅವಳು ಹತ್ತಲಿಲ್ಲ, ಮುಂದಿನದು ಇನ್ನೊಂದು ತಾಸಿಗೆ, ಒಂದು ತಾಸು ಇದೆ, ಮಾಳಿಂಗ ನನ್ನ ಬಾಯನ್ನೇ ನೋಡುತ್ತಿದ್ದಾನೆ, ಅದರಿಂದ ಏನು ಹೊರಬೀಳುತ್ತದೋ ಎಂದು, ಅವನ ಬೆರಳು ಮೆಲ್ಲಗೆ ಕೊರಳಿಗೆ ಹೋಗುತ್ತದೆ, ಗುಂಡಿ ಅಲ್ಲಿಲ್ಲ, ಹರಿದ ದಾರದ ಇನ್ನೊಂದು ತುದಿ ಇದೆ, ತೆರೆದ ಕೊರಳು ಇದೆ, ಇಲ್ಲದ ಗುಂಡಿಯನ್ನು ಬೆರಳು ತಿರುವುತ್ತಿದೆ, ತಿರುವುತ್ತಲೇ ಇದೆ, ಗುಂಡಿ ನನ್ನ ಮುಷ್ಟಿಯಲ್ಲಿದೆ, ಬಿಳಿಯದು, ನಾಲ್ಕು ತೂತು —